ಯಾವ ಪಾರ್ಟ್ ಹಾಕಿಸ್ಲಿ ಚಾಚಾ?

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ, ನಿವೃತ್ತರಾದ ಅಟೆಂಡರ್ ಒಬ್ಬರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಪ್ರಿನ್ಸಿಪಾಲರು ನನ್ನನ್ನೇ ಕೇಳಿದರು. ಅವರು ನಿವೃತ್ತರಾಗುವವರೆಗೆ ಹದಿನಾಲ್ಕು ವರ್ಷ ಅವರ ಜೊತೆಗಿದ್ದವನು ನಾನೇ ತಾನೆ ಎಂದು ಪ್ರಿನ್ಸಿಪಾಲರ ಲೆಕ್ಕ. ಕರ್ತವ್ಯನಿಷ್ಠೆ, ಸರಳತೆ, ವಿದ್ಯಾರ್ಥಿಗಳ ಮೇಲಿನ ಅಕ್ಕರೆ ಎಂದೆಲ್ಲ ಸೇರಿಸಿ ಬರೆದುಕೊಟ್ಟೆ. ಅಚ್ಚಾಯಿತು. ಓದಿದವರು ಚೆನ್ನಾಗಿದೆ ಎಂದರು. ಅದರಲ್ಲಿ ದೊಡ್ಡ ಸುಳ್ಳೇನೂ ಇರಲಿಲ್ಲ. ಆ ಹದಿನಾಲ್ಕು ವರ್ಷವೂ ನಾನು ಅವರನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೆ ಎಂಬ ಸಂಗತಿ ಮಾತ್ರ ಅದರಲ್ಲಿರಲಿಲ್ಲ. ಈಗ ಬರೆಯುತ್ತಿರುವುದು ಬಿಟ್ಟುಹೋದ ಆ ಭಾಗ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಬೇಸರವಾಗುತ್ತದೆ ಎಂದಲ್ಲ. ಖುಷಿಯಾಗುತ್ತದೆ, ಅದಕ್ಕೇ ಬರೆಯುವುದಿಲ್ಲ.

ಕೋಲಾರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರು ಅಟೆಂಡರ್. ನಾನು ಎಂಸಿಎ ಓದಿ ಬಂದ ಉಪನ್ಯಾಸಕ, ಲ್ಯಾಬಿನ ಉಸ್ತುವಾರಿ ನನ್ನದು. ಅವರು ಪಿಯುಸಿ ಎರಡನೇ ವರ್ಷದಲ್ಲಿ ಓದು ನಿಲ್ಲಿಸಿದವರು. ಊರು ಮುಳಬಾಗಿಲು. ಅವರ ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ ಆಡುತ್ತಿದ್ದರು. ಈ ಕೆಲಸಕ್ಕೆ ಸೇರುವ ಮೊದಲು ಮುಳಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ನಾಣ್ಯ ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆಗಳು. ಅವು ಕೆಟ್ಟರೆ ರಿಪೇರಿಗೆ ಬೆಂಗಳೂರಿನಿಂದ ಯಾರೂ ಬರುತ್ತಿರಲಿಲ್ಲವಾದ್ದರಿಂದ ತಾವೇ ಬಿಚ್ಚಿ ನೋಡಿ ಕಲಿತರು. ಮೊಬೈಲು ಬಂದಮೇಲೆ ಅಂಗಡಿ ಮುಚ್ಚಿತು, ಕಲಿತದ್ದು ಕೈಯಲ್ಲಿ ಉಳಿಯಿತು.

ಕುಳ್ಳಗಿನ ಆಳು, ಅಗಲ ಹೆಗಲು. ಲ್ಯಾಬಿನ ಎಸಿಗೆ ಹೆದರಿ ಬೇಸಿಗೆಯಲ್ಲೂ ಕಂದು ಸ್ವೆಟರ್. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಪೇಂಟ್ ಬ್ರಷ್. ಸಂಚಿಕೆಯಲ್ಲಿ ಕರ್ತವ್ಯನಿಷ್ಠೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ನೆಲ ಗುಡಿಸುವುದೆಂದರೆ ಅವರಿಗೆ ಸೋಮಾರಿತನ. ವಾರಕ್ಕೆ ಎರಡು ದಿನ ಬಸ್ಸಿನ ನೆಪ ಹೇಳಿ ತಡವಾಗಿ ಬರುತ್ತಿದ್ದರು. ಯಾರನ್ನೂ ಬಾಯ್ತುಂಬ ಹೊಗಳುತ್ತಿರಲಿಲ್ಲ. ಮಾತೂ ನಿಧಾನ, ಎದುರಿಗಿದ್ದವರ ಚಹಾ ಆರಿಹೋಗುವಷ್ಟು ನಿಧಾನ.

ವಿದ್ಯಾರ್ಥಿಗಳು ಅವರನ್ನು ಚಾಚಾ ಎನ್ನುತ್ತಿದ್ದರು. ತಾಸು ಮುಗಿಯುತ್ತಿದ್ದಂತೆ ಲ್ಯಾಬಿನ ಕೊನೆಯ ಬೆಂಚಿನಲ್ಲಿ ಅವರ ಸುತ್ತ ಗುಂಪು ಕಟ್ಟುತ್ತಿದ್ದರು. ಮಾಲೂರು, ಶ್ರೀನಿವಾಸಪುರ, ಬೈರಕೂರು, ಎಲ್ಲ ಕಡೆಯ ಹುಡುಗರು ಹುಡುಗಿಯರು. ಎಲ್ಲರ ಮನೆಯಲ್ಲೂ ಹೇಗೋ ಒಂದು ಹಳೆಯ ಕಂಪ್ಯೂಟರ್ ಇತ್ತು. ಓದಲಿಕ್ಕೆಂದು ಮನೆಯವರು ಕೊಡಿಸಿದ್ದು, ಇವರು ಆಟ ಆಡುತ್ತಿದ್ದುದು. ಹೊಸ ಆಟಗಳು ಅದರಲ್ಲಿ ಓಡುತ್ತಿರಲಿಲ್ಲ. ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎತ್ತಿಯೋ, ಹಬ್ಬಕ್ಕೆ ಮಾವಂದಿರು ಕೊಟ್ಟದ್ದನ್ನು ಮುಚ್ಚಿಟ್ಟೋ ಸ್ವಲ್ಪ ದುಡ್ಡು ಕೂಡಿಸಿಕೊಂಡು ಬರುತ್ತಿದ್ದರು. ಅದರಲ್ಲಿ ಒಂದೇ ಒಂದು ಪಾರ್ಟ್ ಬರುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: "ಯಾವ ಪಾರ್ಟ್ ಹಾಕಿಸ್ಲಿ ಚಾಚಾ?"

ಅದನ್ನು ಕೇಳಬೇಕಾದದ್ದು ನನ್ನನ್ನು ಎಂದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನಾನು ಮನೆಯಲ್ಲಿ ಕೂತು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಯಾವುದು ಯಾವ ಆಟಕ್ಕೆ ಎಷ್ಟು ವೇಗ ಕೊಡುತ್ತದೆ ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕೆಲವರು ಕೇಳುತ್ತಿದ್ದರು ಕೂಡ. ನಾನು ಪಟ್ಟಿ ಹೇಳುತ್ತಿದ್ದೆ, ಅವರು ತಲೆಯಾಡಿಸಿ ಥ್ಯಾಂಕ್ಸ್ ಹೇಳಿ ಸೀದಾ ಕೊನೆಯ ಬೆಂಚಿಗೆ ಹೋಗುತ್ತಿದ್ದರು. ನಾನು ಹಾಜರಿ ಪುಸ್ತಕ ನೋಡುವವನಂತೆ ಕೂತು ಅಲ್ಲಿನ ಮಾತಿಗೆ ಕಿವಿ ಕೊಡುತ್ತಿದ್ದೆ.

ಚಾಚಾ ಪಾರ್ಟಿನ ಹೆಸರೇ ಎತ್ತುತ್ತಿರಲಿಲ್ಲ. ಏನು ಆಡುತ್ತೀಯ, ಸ್ಕ್ರೀನ್ ಎಷ್ಟು ದೊಡ್ಡದು, ಮಿಷನ್ ಇಟ್ಟಿರುವುದು ಕಿಟಕಿ ಪಕ್ಕವೋ ಮಂಚದ ಕೆಳಗೋ ಎಂದು ಕೇಳುತ್ತಿದ್ದರು. ಆಮೇಲೆ ಮಿಷನ್ ತಗೊಂಡು ಬಾ, ಇಲ್ಲವೇ ನಾನೇ ಬರುತ್ತೇನೆ ಎನ್ನುತ್ತಿದ್ದರು. ಮಿಷನ್ ಎದುರಿಗೆ ಬಂದ ಮೇಲೆ, ಕೇಳಿದವರನ್ನೇ ಆಡಲು ಕೂರಿಸಿ, ಸ್ಕ್ರೀನಿನ ಮೂಲೆಯಲ್ಲಿ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಸಣ್ಣ ಕಿಟಕಿಯೊಂದನ್ನು ತೆರೆದಿಟ್ಟು, ಹಿಂದೆ ಸ್ಟೂಲ್ ಹಾಕಿಕೊಂಡು ಕಾಲು ಗಂಟೆ ಬಾಯಿ ಬಿಡದೆ ನೋಡುತ್ತಿದ್ದರು. ಕಡೆಗೆ ಒಂದು ಮಾತು.

"ಒಳಗಡೆ ಯಾರೋ ಒಬ್ರು ಇನ್ನೊಬ್ರಿಗೋಸ್ಕರ ಕಾಯ್ತಾ ಇರ್ತಾರಪ್ಪ. ಯಾರು ಕಾಯಿಸ್ತಾ ಇದಾರೆ ಅಂತ ಮೊದ್ಲು ನೋಡು. ಕಾಯ್ತಿರೋನಿಗೆ ದುಡ್ಡು ಹಾಕ್ಬೇಡ, ಕಾಯಿಸ್ತಿರೋನಿಗೆ ಹಾಕು."

ಯಾರಾದರೂ ಹಟ ಹಿಡಿದು ದೊಡ್ಡ ಗ್ರಾಫಿಕ್ಸ್ ಕಾರ್ಡೇ ಬೇಕೆಂದರೆ ಕೈ ಅಡ್ಡ ಆಡಿಸಿ, ಬೇಡ ಎನ್ನುವುದಕ್ಕೆ ತಮ್ಮ ದಖನಿಯಲ್ಲಿ "ನಕ್ಕೋ" ಎನ್ನುತ್ತಿದ್ದರು. ಆ ಒಂದು ಪದಕ್ಕೆ ನನ್ನ ಇಡೀ ಪಟ್ಟಿ ಬಿದ್ದುಹೋಗುತ್ತಿತ್ತು.

ಮಾಲೂರಿನ ಕಿರಣ ಎಂಬ ವಿದ್ಯಾರ್ಥಿಯ ಪ್ರಸಂಗದಿಂದ ನನ್ನ ಉರಿ ಶುರುವಾಯಿತು ಎನ್ನಬೇಕು. ಆಟ ಶುರುವಾದ ಹತ್ತು ನಿಮಿಷಕ್ಕೆ ಅವನ ಕಂಪ್ಯೂಟರ್ ತೆವಳತೊಡಗುತ್ತಿತ್ತು. ಕಾರ್ಡು ಹಳೆಯದು, ಹೊಸದು ಹಾಕಿಸು ಎಂದು ಮಾದರಿಯ ಹೆಸರು ಸಮೇತ ಬರೆದುಕೊಟ್ಟಿದ್ದೆ. ಅವನು ಚೀಟಿಯನ್ನು ಚಾಚಾಗೆ ತೋರಿಸಿದ. ಚಾಚಾ ಮನೆ ಎಲ್ಲಿದೆ ಎಂದು ಕೇಳಿದರು. ಹಂಚಿನ ಕಾರ್ಖಾನೆಯ ಪಕ್ಕದ ಸಾಲುಮನೆ ಎಂದ. ಆ ಭಾನುವಾರವೇ ಬಸ್ಸು ಹತ್ತಿ ಮಾಲೂರಿಗೆ ಹೋಗಿ ಡಬ್ಬ ಬಿಚ್ಚಿದರೆ, ಒಳಗಿನ ಫ್ಯಾನಿನ ಮೇಲೆ ಕೆಂಪು ಧೂಳು ಕಂಬಳಿಯ ಹಾಗೆ ಕೂತಿತ್ತಂತೆ. ಪ್ರೊಸೆಸರ್ ಬಿಸಿಯಾಗಿ, ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಬ್ರಷ್ಷಿನಿಂದ ಗುಡಿಸಿ, ಪ್ರೊಸೆಸರಿನ ಮೇಲೆ ಬಿಸಿ ಹೊರಹಾಕುವ ಹೊಸ ಪೇಸ್ಟ್ ಹಚ್ಚಿ, ಡಬ್ಬವನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿ ಬಂದರು. ಸೋಮವಾರ ಕಿರಣ ನನ್ನ ಹತ್ತಿರ ಬಂದು, ನೀವು ಹೇಳಿದ ಕಾರ್ಡು ಬೇಕಾಗಲೇ ಇಲ್ಲ ಸಾರ್ ಎಂದ. ನನಗೂ ಸಂತೋಷವಾಗಲಿ ಎಂದೇ ಹೇಳಿದ, ಪಾಪ. ಒಳ್ಳೆಯದಾಯಿತಪ್ಪ ಎಂದೆ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಎರಡನೇ ವರ್ಷದವರಿಗೆ ಲ್ಯಾಬಿನಲ್ಲೇ ಪಾಠ ಮಾಡುತ್ತಿದ್ದಾಗ, ಮೆಮೊರಿಯ ವಿಷಯ ಬಂದ ಕಡೆ, "ಒಳಗೆ ಯಾರೋ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಿರುತ್ತಾರೆ" ಎಂದು ನನ್ನದೇ ಮಾತೆಂಬಂತೆ ಶುರುಮಾಡಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹಿಂದಿನಿಂದ ಯಾರೋ, "ಚಾಚಾ ಡೈಲಾಗು" ಎಂದರು. ಇಡೀ ಲ್ಯಾಬು ನಕ್ಕಿತು. ಚಾಚಾ ಅಲ್ಲೇ ಬಾಗಿಲ ಬಳಿ ಕೂತು ವೈರು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ. ಆದರೆ ಸ್ವೆಟರಿನ ಹೆಗಲು ಒಂದು ಸಲ ಅಲುಗಿದ್ದನ್ನು ನಾನು ನೋಡಿದೆ.

ಅವರನ್ನು ಸೋಲಿಸುವ ಏನಾದರೂ ಸಿಗುತ್ತದೆಯೇ ಎಂದು ಕಾಯುತ್ತಿದ್ದೆ. ಒಂದು ಸಲ ಸಿಕ್ಕಿತು. ಕಾಲೇಜು ವಾರ್ಷಿಕೋತ್ಸವದ ದಿನ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಕಾರು ಓಡಿಸುವ ಆಟದ ಪಂದ್ಯ ಇಟ್ಟಿದ್ದರು. ಚಾಚಾ ಕೂತರೆ ಯಾರೂ ಗೆಲ್ಲುವುದಿಲ್ಲ ಎಂದು ಹೆಸರಿತ್ತು. ಮೊದಲ ವರ್ಷದ ಹುಡುಗಿಯೊಬ್ಬಳು ಅವರನ್ನು ಅರ್ಧ ಸುತ್ತು ಹಿಂದೆ ಹಾಕಿದಳು. ಮೊದಲು ಕೀಬೋರ್ಡ್ ಸರಿಯಿಲ್ಲ ಎಂದರು. ಆಮೇಲೆ ಬ್ರೇಕಿನ ಬಟನ್ ಸಿಕ್ಕಿಕೊಂಡಿತು ಎಂದರು. ಚಹಾ ಕೂಡ ಕುಡಿಯದೆ ಬಸ್ಸಿಗೆ ಹೊರಟುಹೋದರು. ಆ ಸಂಜೆ ನಾನು ಮನೆಗೆ ಮೈಸೂರು ಪಾಕ್ ಕೊಂಡೊಯ್ದೆ. ಏನು ವಿಶೇಷ ಎಂದು ನನ್ನ ಹೆಂಡತಿ ಕೇಳಿದಳು. ಸುಮ್ಮನೆ ಎಂದೆ.

ನನಗೆ ಒಬ್ಬಳೇ ಮಗಳು, ಪಲ್ಲವಿ. ಆಗ ಬೇರೆ ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಳು. ಐದು ಜನ ಒಂದು ತಂಡವಾಗಿ ಆಡುವ ಗುಂಡಿನ ಕಾಳಗದ ಆಟವೊಂದಿದೆ. ಅವಳು, ಅವಳ ನಾಲ್ವರು ಗೆಳತಿಯರು ಸೇರಿ ಅದರ ರಾಜ್ಯಮಟ್ಟದ ಆನ್‌ಲೈನ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದರು. ಅವಳ ಕಂಪ್ಯೂಟರನ್ನು ಹಿಂದಿನ ವರ್ಷ ನಾನೇ ಜೋಡಿಸಿಕೊಟ್ಟಿದ್ದೆ. ಪಾರ್ಟುಗಳನ್ನೆಲ್ಲ ತರಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು, ಎರಡು ದಿನ ಕೂತು ಜೋಡಿಸಿದ್ದು. "ನಮ್ಮಪ್ಪನೇ ಮಾಡಿದ್ದು" ಎಂದು ಅವಳು ಫೋನಿನಲ್ಲಿ ಗೆಳತಿಯರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತನ್ನು ನಾನು ಎಷ್ಟೋ ದಿನ ಒಳಗೇ ಚಪ್ಪರಿಸಿದ್ದೆ.

ಪಂದ್ಯಕ್ಕೆ ಒಂದು ತಿಂಗಳಿದೆ ಎನ್ನುವಾಗ ತೊಂದರೆ ಎದ್ದು ಕಾಣತೊಡಗಿತು. ಸರಿಯಾಗಿ ಎದುರಾಳಿ ಕಣ್ಣಿಗೆ ಬೀಳುವ ಹೊತ್ತಿಗೆ ಆಟ ತಡವರಿಸುತ್ತಿತ್ತು. ಅವಳ ಕೈಯಲ್ಲಿ ಸ್ಕಾಲರ್‌ಶಿಪ್ಪಿನ ಸ್ವಲ್ಪ ದುಡ್ಡಿತ್ತು.

"ಒಂದೇ ಪಾರ್ಟ್ ಆಗುತ್ತಪ್ಪ. ಯಾವ್ದು ಅಂತ ನೀನೇ ಹೇಳು" ಎಂದಳು.

ಮೊದಲು ಕಾರ್ಡು ಎಂದೆ. ಎರಡು ದಿನ ಪಟ್ಟಿಗಳನ್ನು ನೋಡಿ ಪ್ರೊಸೆಸರ್ ಎಂದೆ. ಮತ್ತೆ ಕಾರ್ಡೇ ಎಂದೆ. ಎಸ್‌ಎಸ್‌ಡಿ ಬದಲಿಸಿದರೆ ಹೇಗೆ ಎಂದೂ ಒಂದು ಬೆಳಿಗ್ಗೆ ಹೇಳಿದ ನೆನಪು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ತೊಂದರೆ ತಾನಾಗಿ ಸರಿಹೋಗಿರಬೇಕೆಂದು ನಾನು ನಂಬಿಕೊಂಡೆ.

ಒಂದು ಭಾನುವಾರ ಶ್ರೀನಿವಾಸಪುರದಲ್ಲಿ ನಮ್ಮ ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆ. ಸಂಜೆ ವಾಪಸು ಬಂದರೆ ನನ್ನಾಕೆ, "ನಿಮ್ಮ ಲ್ಯಾಬಿನವ್ರು ಬಂದಿದ್ರು ರೀ. ಪಲ್ಲವಿ ಯಾರ ಹತ್ರಾನೋ ನಂಬರ್ ತಗೊಂಡು ಕರೆಸಿದ್ಲು. ಎಂಥ ಮರ್ಯಾದಸ್ಥರು, ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಬಂದ್ರು" ಎಂದಳು. ಒಳಗೆ ಪಲ್ಲವಿ ಆಡುತ್ತಿದ್ದಳು. ಸ್ಕ್ರೀನಿನ ಮೇಲೆ ಆಟ ನೀರಿನ ಹಾಗೆ ಹರಿಯುತ್ತಿತ್ತು. ಏನಾಗಿತ್ತಂತೆ ಎಂದು ಕೇಳಿದೆ. ಅವಳು ತಿರುಗಿ ನೋಡದೆ, "ಧೂಳಿತ್ತಂತಪ್ಪ. ಕ್ಲೀನ್ ಮಾಡಿದ್ರು. ಇನ್ನೊಂದು ರ‍್ಯಾಮ್ ಹಾಕಿಸ್ಕೊ, ಬೇರೇನೂ ಬೇಡ ಅಂದ್ರು" ಎಂದಳು.

ಧೂಳು ಇರಲು ಸಾಧ್ಯವಿರಲಿಲ್ಲ. ಹಿಂದಿನ ವಾರವಷ್ಟೇ ನಾನು ಒರೆಸಿದ್ದೆ. ಅವಳು ಊಟಕ್ಕೆ ಎದ್ದಾಗ ಮೊಬೈಲಿನ ಬೆಳಕು ಬಿಟ್ಟುಕೊಂಡು ಮೇಜಿನ ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ಕೇಬಲ್ ಮೇಲಿನ ಕಿಂಡಿಯಲ್ಲಿರಲಿಲ್ಲ, ಕೆಳಗಿನದಕ್ಕೆ ಬಂದಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇದ್ದ ಮೇಲೆ ಮಾನಿಟರಿನ ಕೇಬಲ್ಲನ್ನು ಆ ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು. ನಾನು ಜೋಡಿಸಿದ ದಿನ ಅದರ ಮೇಲಿರುವ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿಬಿಟ್ಟಿದ್ದೆ. ಒಂದು ವರ್ಷದಿಂದ ಕಾರ್ಡು ಕೆಲಸವಿಲ್ಲದೆ ಕೂತಿತ್ತು, ಅದರ ಕೆಲಸವನ್ನೂ ಪ್ರೊಸೆಸರೇ ಏದುಸಿರು ಬಿಡುತ್ತ ಮಾಡುತ್ತಿತ್ತು. ಇದು ಮೊದಲ ವರ್ಷದವರಿಗೆ ನಾನೇ ಹೇಳಿಕೊಡುವ ಪಾಠ.

ಅವರು ಅದನ್ನು ನೋಡಿದ್ದರು. ಸದ್ದಿಲ್ಲದೆ ಬದಲಿಸಿ, ನನ್ನ ಮಗಳಿಗೆ ಧೂಳು ಎಂದಿದ್ದರು.

ಇನ್ನೊಬ್ಬನಾಗಿದ್ದರೆ ಮರುದಿನ ಹೋಗಿ ಅವರ ಕೈ ಹಿಡಿದುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ನನ್ನ ಮಾನವನ್ನು ಉಳಿಸಿಕೊಡಲು ಇವರು ಯಾರು ಎಂದು ಅನಿಸಿತು. ಸೋಮವಾರ ಬೆಳಿಗ್ಗೆ, "ಮಗಳು ಚೆನ್ನಾಗ್ ಆಡ್ತಾಳೆ ಸಾರ್" ಎಂದರು, ಅಷ್ಟೇ. ಅವರ ಬಾಯಿಂದ ಆ ಮಟ್ಟದ ಹೊಗಳಿಕೆ ಬಂದದ್ದೇ ಅಪರೂಪ, ಆದರೆ ನನಗೆ ಕೇಳಿಸಿದ್ದು ಕೇಬಲ್. ಪ್ರೊಜೆಕ್ಟರಿನ ವೈರು ಸಡಿಲವಾಗಿದೆ ಎಂದು ಅವರು ಹೇಳಿದರೂ ಚುಚ್ಚುತ್ತಿದ್ದಾರೋ ಎಂದು ಮುಖ ನೋಡುತ್ತಿದ್ದೆ. ಪಲ್ಲವಿಯ ತಂಡ ಮೂರನೇ ಸುತ್ತಿನವರೆಗೂ ಹೋಯಿತು. ಊಟಕ್ಕೆ ಕೂತರೆ ಅವಳ ಬಾಯಲ್ಲಿ ಚಾಚಾ ಹೀಗಂದರು, ಚಾಚಾ ಹಾಗಂದರು. ನಮ್ಮಪ್ಪನೇ ಮಾಡಿದ್ದು ಎಂಬ ಮಾತು ಮತ್ತೆ ಕೇಳಿಬರಲಿಲ್ಲ.

ಮೂರು ವಾರ ತಡೆದುಕೊಂಡೆ. ನಾಲ್ಕನೇ ವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಲ್ಯಾಬಿನ ಹಿಂದಿನ ಬೆಂಚಿನಲ್ಲಿ ವಿದ್ಯಾರ್ಥಿಗಳ ಮನೆಯ ಕಂಪ್ಯೂಟರುಗಳು ಬಂದು ಕೂತಿರುತ್ತವೆ, ಕಾಲೇಜಿನ ಕರೆಂಟು ಬಳಸಿ ರಿಪೇರಿ ನಡೆಯುತ್ತದೆ, ನೆಲ ಗುಡಿಸುವುದಿಲ್ಲ, ವಾರಕ್ಕೆರಡು ದಿನ ತಡವಾಗಿ ಬರುತ್ತಾರೆ ಎಂದು ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ, ಪ್ರಿನ್ಸಿಪಾಲರು ಕೇಳಲೂ ಇಲ್ಲ. ಎರಡು ದಿನದಲ್ಲಿ ಚಾಚಾರನ್ನು ಮೆಟ್ಟಿಲ ಕೆಳಗಿನ ಹಳೆಯ ದಾಖಲೆಗಳ ಕೋಣೆಗೆ ಹಾಕಿದರು.

ಲ್ಯಾಬಿನ ಬೀಗದ ಕೈ ಒಪ್ಪಿಸಲು ಬಂದ ದಿನ ಏನಾದರೂ ಅನ್ನುತ್ತಾರೆ ಎಂದು ಮನಸ್ಸು ಗಟ್ಟಿಮಾಡಿಕೊಂಡು ನಿಂತಿದ್ದೆ. ಅವರು ಬನ್ನಿ ಸಾರ್ ಎಂದು ಮೊದಲ ಸಾಲಿನಿಂದ ಶುರುಮಾಡಿದರು. ಇದರ ಬಟನ್ ಎರಡು ಸಲ ಒತ್ತಬೇಕು. ಇದು ಬೆಳಿಗ್ಗೆ ಮೊದಲ ಸಲ ಏಳುವುದಿಲ್ಲ, ಬೈಯಬೇಡಿ, ಐದು ನಿಮಿಷ ಬಿಟ್ಟು ಹಾಕಿ. ಇದರ ಫ್ಯಾನು ಸದ್ದು ಮಾಡುತ್ತದೆ, ಸದ್ದು ನಿಂತರೆ ಹೆದರಿ. ಹೀಗೆ ನಲವತ್ತು ಮಿಷನ್ನುಗಳ ಸ್ವಭಾವವನ್ನು ಒಂದು ಗಂಟೆ ಹೇಳಿದರು. ನಾನು ಬರೆದುಕೊಳ್ಳಲಿಲ್ಲ. ಬರೆದುಕೊಂಡರೆ ಸೋತಂತೆ ಎಂದುಕೊಂಡಿದ್ದೆ. ಮರುದಿನ ಅವುಗಳಲ್ಲಿ ಒಂಬತ್ತು ಏಳಲಿಲ್ಲ.

ಕೊನೆಯ ಬೆಂಚು ಖಾಲಿಯಾಯಿತು. ಈಗಾದರೂ ನನ್ನ ಮೇಜಿನ ಸುತ್ತ ಬರುತ್ತಾರೆಂದು ಕಾದೆ. ಮೆಟ್ಟಿಲ ಕೆಳಗೆ ಚಪ್ಪಲಿಗಳ ಗುಡ್ಡೆ ಬೆಳೆಯಿತು. ದಾಖಲೆ ಕೋಣೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಕರೆಂಟಿನ ಪಾಯಿಂಟೂ ಒಂದೇ. ಆದರೂ ಹೋಗುತ್ತಿದ್ದರು. ಬಾಯಿಮಾತಿನಲ್ಲೇ ಕೇಳಿಕೊಂಡು ಬರುತ್ತಿದ್ದರು.

ನನ್ನ ಬಳಿಗೇ ನೇರವಾಗಿ ಬಂದವನೆಂದರೆ ಮಂಜುನಾಥ ಒಬ್ಬ. ಕೊನೆಯ ವರ್ಷದವನು, ಮಾತು ಕಡಿಮೆ. ರಜೆಯಿಡೀ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮಾಡಿ ದುಡ್ಡು ಕೂಡಿಸಿದ್ದ. ಯಾವ ಪಾರ್ಟ್ ಹಾಕಿಸಲಿ ಸಾರ್ ಎಂದು ನನ್ನನ್ನು ಕೇಳಿದ. ಎಷ್ಟು ವರ್ಷದಿಂದ ಆ ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆನೋ ಏನೋ, ಮರುಯೋಚನೆಯಿಲ್ಲದೆ ಅವನ ದುಡ್ಡಿಗೆ ಬರುವ ಎಲ್ಲಕ್ಕಿಂತ ದೊಡ್ಡ ಕಾರ್ಡನ್ನು ಹೇಳಿದೆ. ಸೆಕೆಂಡ್ ಹ್ಯಾಂಡಿನದು, ಒಳ್ಳೆಯ ಕಾರ್ಡೇ. ಅವನು ಹಾಕಿಸಿಕೊಂಡ. ಒಂದು ವಾರ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ. ಆ ವಾರ ನಾನು ಮೆಟ್ಟಿಲ ಹತ್ತಿರ ಬೇಕೆಂದೇ ನಿಧಾನವಾಗಿ ನಡೆದೆ.

ಎಂಟನೇ ದಿನ ಅವನು ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಆಡುತ್ತಿದ್ದಾಗ ಪಟ್ ಎಂದಿತಂತೆ, ವಾಸನೆ ಬಂದಿತಂತೆ. ಮುಚ್ಚಳ ತೆಗೆದರೆ ಸುಟ್ಟ ವಾಸನೆ ಇನ್ನೂ ಇತ್ತು. ಬಯ್ಯುತ್ತಾನೆ, ಅಳುತ್ತಾನೆ ಎಂದುಕೊಂಡೆ. ಅವನು ನೆಲ ನೋಡುತ್ತ, "ಚಾಚಾಗೆ ಒಂದ್ಸಲ ತೋರಿಸ್ಲಾ ಸಾರ್?" ಎಂದು ನನ್ನ ಅಪ್ಪಣೆ ಕೇಳಿದ.

ಡಬ್ಬವನ್ನು ನಾನೇ ಎತ್ತಿಕೊಂಡೆ. ಯಾಕೆಂದು ಗೊತ್ತಿಲ್ಲ. ಕಾರಿಡಾರಿನಲ್ಲಿ ಎಲ್ಲರೂ ನೋಡುತ್ತಿದ್ದರು. ನಾನು ಮುಂದೆ, ಮಂಜು ಹಿಂದೆ, ಮೆಟ್ಟಿಲ ಕೆಳಗೆ ಹೋದೆವು.

ಚಾಚಾ ಕಡತಗಳ ನಡುವೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಡಬ್ಬ ಇಳಿಸಿಕೊಂಡರು. ಬಿಚ್ಚಿದರು. ಮೂಗು ಹತ್ತಿರ ಒಯ್ದು ಮೂಸಿದರು. ಬಹಳ ಹೊತ್ತು ನೋಡಿದರು. ಈ ಸಲವೂ ಧೂಳು ಎನ್ನಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ.

"ಸಾರ್ ಹೇಳಿದ ಕಾರ್ಡ್ ಚೆನ್ನಾಗೇ ಇದೆ ಕಣಪ್ಪ" ಎಂದರು ಅವನಿಗೆ. "ಅದಕ್ಕೆ ಕರೆಂಟ್ ಕೊಡೋ ಡಬ್ಬಿ ಇದ್ಯಲ್ಲ, ಈ ಪವರ್ ಸಪ್ಲೈ, ಇದಕ್ಕೆ ಅಷ್ಟು ತಾಕತ್ತಿಲ್ಲ. ಹೋಗ್ತಾ ಹೋಗ್ತಾ ಬೋರ್ಡನ್ನೂ ಕರ್ಕೊಂಡ್ ಹೋಗಿದೆ." ಆಮೇಲೆ ನನ್ನ ಕಡೆ ತಿರುಗಿ, "ಇದು ಯಾವ ಸಪ್ಲೈ ಅಂತ ನೀವು ಕೇಳ್ಲಿಲ್ವಾ ಸಾರ್?" ಎಂದರು.

ಕೇಳಲಿಲ್ಲ ಎಂದೆ. ಮಂಜುವಿನ ಎದುರಿಗೇ ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ.

ಎಲ್ಲ ನಷ್ಟವನ್ನೂ ನಾನೇ ತುಂಬಿಕೊಡುತ್ತೇನೆ ಎಂದೆ. ಅವರು ಕೈ ಆಡಿಸಿ, ನಕ್ಕೋ ಎಂದರು. ದೊಡ್ಡ ಕಾರ್ಡು ಕೆಟ್ಟಿಲ್ಲ, ಅದನ್ನು ಮಾರಿದರೆ ಅದರಲ್ಲೇ ಸಣ್ಣ ಕಾರ್ಡೊಂದು, ಹಳೆಯ ಬೋರ್ಡೊಂದು ಬರುತ್ತವೆ, ಇವನ ಸ್ಕ್ರೀನಿಗೆ ಸಣ್ಣ ಕಾರ್ಡೇ ಸಾಕು, ದೊಡ್ಡದು ಮೊದಲೇ ಬೇಕಿರಲಿಲ್ಲ ಎಂದು ವಿವರಿಸಿದರು.

"ಪವರ್ ಸಪ್ಲೈ ಒಂದು ನೀವು ಕೊಡ್ಸಿ ಸಾರ್. ನೀವು ಕೇಳದೆ ಬಿಟ್ಟಿದ್ದು ಅದೊಂದೇ."

ಮಂಜು ಡಬ್ಬ ಹೊತ್ತುಕೊಂಡು ಹೋದ ಮೇಲೆ ನಾನು ಅಲ್ಲೇ ನಿಂತಿದ್ದೆ. ನಮ್ಮ ಮನೆಯಲ್ಲಿ ಧೂಳು ಇರಲಿಲ್ಲವಲ್ಲ ಎಂದು ಕಡೆಗೂ ಬಾಯಿ ಬಿಟ್ಟೆ. ಅವರು ಕಡತವೊಂದಕ್ಕೆ ದಾರ ಕಟ್ಟುತ್ತಿದ್ದವರು, "ಅವತ್ತು ಬಸ್ಸಲ್ಲಿ ಮುಳಬಾಗಿಲು ಬರೋವರ್ಗೂ ನಕ್ಕಿದೀನಿ ಸಾರ್. ಮನೇಲಿ ಹೇಳಿದ್ರೆ ನನ್ನ ಹೆಂಡ್ತೀನೂ ನಕ್ಲು" ಎಂದರು. ನನಗೆ ಸಿಟ್ಟು ಬರಬೇಕಿತ್ತು. ಅವರು ನಕ್ಕಿದ್ದರು ಎಂದು ತಿಳಿದು ಜೀವ ತಣ್ಣಗಾಯಿತು. ಇಷ್ಟು ದಿನ ನಾನು ಒಬ್ಬ ಮಹಾತ್ಮನ ಜೊತೆ ಗುದ್ದಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮರುದಿನ ಪ್ರಿನ್ಸಿಪಾಲರ ಬಳಿ ಹೋಗಿ ಅವರನ್ನು ಲ್ಯಾಬಿಗೆ ವಾಪಸು ಕಳಿಸಿ ಎಂದು ಕೇಳಿದೆ. ಸಾಧ್ಯವೇ ಇಲ್ಲ ಎಂದರು. ದಾಖಲೆಗಳ ಕೋಣೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಪ್ಪವಾಗಿದೆ, ಕೇಳಿದ ಕಾಗದ ಎರಡು ನಿಮಿಷಕ್ಕೆ ಸಿಗುತ್ತಿದೆ, ತಪಾಸಣೆಗೆ ಬಂದವರು ಹೊಗಳಿ ಹೋದರು, ಅಂಥವರನ್ನು ಬಿಡುತ್ತೇನೆಯೇ ಎಂದರು. ಶಿಕ್ಷೆಯಾಗಿ ಕಳಿಸಿದ ಜಾಗದಲ್ಲೂ ಅವರು ಹೆಸರು ತೆಗೆದಿದ್ದರು. ನಾನು ಮೆಟ್ಟಿಲು ಇಳಿಯುವಾಗ ಮಾಡಿದ ತಪ್ಪಿಗೆ ಮರುಗುತ್ತಿದ್ದೆನೋ, ಮತ್ತೆ ಉರಿಯುತ್ತಿದ್ದೆನೋ, ಬಿಡಿಸಿ ಹೇಳಲಾರೆ. ಇನ್ನೆರಡು ವರ್ಷ ಅಲ್ಲೇ ಇದ್ದು, ಅಲ್ಲಿಂದಲೇ ನಿವೃತ್ತರಾದರು.

ನಿವೃತ್ತಿಯಾಗಿ ಮೂರು ತಿಂಗಳಿಗೆ ಅವರ ಪಿಂಚಣಿಯ ಅರ್ಜಿಗೆ ಒಂದು ಸಹಿ ಬಾಕಿ ಉಳಿದಿದೆ ಎಂದು ಆಫೀಸಿನವರು ಹೇಳಿದರು. ನಾನು ತಗೊಂಡು ಹೋಗುತ್ತೇನೆ ಎಂದೆ. ಮುಳಬಾಗಿಲಿನ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಅವರ ಮನೆ. ಸಹಿ ಹಾಕಿದರು. ಅವರ ಹೆಂಡತಿ ಚಹಾ, ಖಾರಾ ತಂದಿಟ್ಟು ಒಳಗೆ ಹೋದರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಅವತ್ತು ನಿಮ್ಮ ಮೇಲೆ ಪ್ರಿನ್ಸಿಪಾಲರಿಗೆ ಹೇಳಿದ್ದು ನಾನೇ" ಎಂದೆ.

"ಗೊತ್ತು ಸಾರ್. ಅವರೇ ಹೇಳಿದ್ರು, ಅವತ್ತೇ."

ಅವತ್ತಿನಿಂದ ಗೊತ್ತಿದ್ದೂ ನಲವತ್ತು ಮಿಷನ್ನುಗಳ ಕಥೆ ಹೇಳಿದ್ದರು. ನನ್ನ ಮುಖ ಹೇಗಾಗಿತ್ತೋ, ಅವರು ಚಹಾದ ಲೋಟ ಕೈಯಲ್ಲಿ ಹಿಡಿದು ತಮ್ಮ ಎಂದಿನ ನಿಧಾನದಲ್ಲಿ ಮಾತು ತೆಗೆದರು.

"ನನಗೂ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಿತ್ತು ಸಾರ್. ನೀವು ಒಳಗೆ ಬಂದ್ರೆ ಅರವತ್ತು ಜನ ಎದ್ದು ನಿಲ್ತಾ ಇದ್ರು. ನನ್ನ ಹತ್ರ ಬಂದೋರೆಲ್ಲ ಕೂತ್ಕೊಳ್ಳೋರೇ, ಹೆಗಲ ಮೇಲೆ ಕೈ ಹಾಕೋರೇ. ನನಗೋಸ್ಕರ ಒಬ್ರೂ ಒಂದು ದಿನ ಎದ್ದು ನಿಂತಿಲ್ಲ. ಬಾಗಿಲ ಹತ್ರ ಕೂತು ಅದನ್ನ ನೋಡ್ತಾ ನೋಡ್ತಾ ಎಷ್ಟು ಉರ್ಕೊಂಡಿದೀನಿ ಅಂತೀರ."

ಹೇಳಿ ನಕ್ಕರು. ಖಾರಾ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನಾನೂ ನಕ್ಕೆ. ಬಹಳ ಹೊತ್ತು ಮಾತಾಡಿದೆವು, ಪಲ್ಲವಿಯ ವಿಷಯ, ಅವರ ಮಂಡಿನೋವಿನ ವಿಷಯ. ಬಸ್ ಸ್ಟ್ಯಾಂಡಿನವರೆಗೂ ಬಂದು ಹತ್ತಿಸಿ ಹೋದರು.

ಅರ್ಧ ದಾರಿಯವರೆಗೆ ಮನಸ್ಸು ಹಗುರಾಗಿಯೇ ಇತ್ತು. ಆಮೇಲೆ ಯೋಚನೆ ಬಂತು. ನನ್ನಲ್ಲಿದ್ದ ಕಿಚ್ಚೇ ಅವರಲ್ಲೂ ಇತ್ತು, ಅಷ್ಟೇ ವರ್ಷ ಇತ್ತು. ಅದನ್ನಿಟ್ಟುಕೊಂಡು ಅವರು ನನಗೆ ಒಂದು ಕೂದಲಿನಷ್ಟೂ ಕೇಡು ಮಾಡಲಿಲ್ಲ. ಕೊನೆಗೆ ಖಾರಾ ಅಗಿಯುತ್ತ ಎಷ್ಟು ಸಲೀಸಾಗಿ ಹೇಳಿ ಕೈತೊಳೆದುಕೊಂಡರು. ನಾನೋ, ನನ್ನ ತಪ್ಪನ್ನು ಹೇಳಿ ಬಂದೆನೇ ಹೊರತು, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂಬ ಮಾತನ್ನು ಆ ಮನೆಯಲ್ಲಿ ಕೂತಿದ್ದ ಎರಡು ಗಂಟೆಯಲ್ಲೂ ಬಾಯಿಗೆ ತರಲಾಗಲಿಲ್ಲ. ಹೊಟ್ಟೆಕಿಚ್ಚು ಪಡುವುದರಲ್ಲೂ ಆ ಮನುಷ್ಯ ನನಗಿಂತ ಒಂದು ಕೈ ಮೇಲು. ಕೋಲಾರ ಬರುವ ಹೊತ್ತಿಗೆ ನನಗೆ ಮತ್ತೆ ಉರಿಯತೊಡಗಿತ್ತು.